ಗ್ರಿಮ್ಸ್‌ಬಿ, ಕರೆಂಟು ಹೋಗುವ ಮುಂಚೆ

ಭಾನುವಾರ ಬೆಳಗಿನ ಜಾವ ಎರಡರಿಂದ ನಾಲ್ಕು
ಡಾಕಿನ ಈ ತುದಿಗೆ ಕರೆಂಟಿಲ್ಲ ಅಂತ ಹಳದಿ ಚೀಟಿ.
ಕೋಲ್ಡ್ ಸ್ಟೋರಿನಲ್ಲಿ ನಾನೂರು ಟನ್ ಹ್ಯಾಡಕ್, ಕಾಡ್.
ಮೆಟ್ಟಿಲ ಕೆಳಗಿನ ಗೂಡಿನಲ್ಲಿ
ಪೊರಕೆ, ಬಕೆಟ್ಟು, ಯಾರದೋ ಒಂಟಿ ಗಮ್‌ಬೂಟಿನ ಜೊತೆ
ನಮ್ಮ ಸರ್ವರ್.
ಮೀನಿನ ವಾಸನೆ ಅದಕ್ಕೂ ಹತ್ತಿದೆ, ನನಗೂ.

ಕೇಳಿದೆ: ಎಷ್ಟು ದಿನದಿಂದ ಎಚ್ಚರ?
ಸಾವಿರದ ನೂರ ಹನ್ನೆರಡು ದಿನ, ಅಂತು.
ಮ್ಯಾನೇಜರನಿಗೆ ಅದೊಂದು ಹೆಮ್ಮೆ.
ನನಗೆ ಹೊಟ್ಟೆಯೊಳಗೆ ತಣ್ಣಗಾಯಿತು.
ಇಷ್ಟು ದಿನ ಮಲಗದವರಿಗೆ
ಏಳಲು ಬರುತ್ತದೋ ಇಲ್ಲವೋ, ಯಾರು ಕಂಡಿದ್ದಾರೆ?

ಒಬ್ಬೊಬ್ಬರ ಹೆಸರೂ ಕೂಗಿದೆ, ಹಾಜರಿ ಹಾಕುವ ಮೇಷ್ಟರಂತೆ.
ಹೆಸರಿನ ಬಾಲಕ್ಕೊಂದು 'ಡಿ', ಡೀಮನ್ ಎಂಬುದರ ಗುರುತು;
ನಮ್ಮ ಮಾತಲ್ಲಿ ಹೇಳುವುದಾದರೆ ದೆವ್ವಗಳು,
ಕಣ್ಣಿಗೆ ಬೀಳದೆ ಮನೆಗೆಲಸ ಮುಗಿಸುವಂಥವು.
ಕೆಲವು ಎನೇಬಲ್ಡ್: ತಾವಾಗಿ ಏಳುತ್ತವೆ,
ನಲ್ಲಿ ನೀರಿಗೆ ಕತ್ತಲಲ್ಲೇ ಬಿಂದಿಗೆ ಸಾಲಿಡುವವರ ಹಾಗೆ.
ಕೆಲವು ಸ್ಟ್ಯಾಟಿಕ್: ತಾವಾಗಿ ಬರುವುದಿಲ್ಲ,
ಇನ್ನೊಬ್ಬರು ಕರೆದರೆ ಇಲ್ಲವೆನ್ನುವುದೂ ಇಲ್ಲ.
ಒಂದು ಮಾಸ್ಕ್ಡ್. ಹಳೆಯ ಪ್ರಿಂಟರಿನದು.
ಕುಂಭಕರ್ಣನಾದರೂ ಡೋಲು ಬಡಿದರೆ ಏಳುತ್ತಿದ್ದ;
ಇದು ಬ್ರಹ್ಮ ಬಂದರೂ ಏಳದು.
ಇರಲಿ, ಆ ಪ್ರಿಂಟರೇ ಈಗಿಲ್ಲ.

ಕೊನೆಗೆ ಬಂತು ಫ್ರೀಜರ್ ಕಾಯುವುದು.
ಮೈನಸ್ ಹದಿನೆಂಟು ದಾಟಿ ಮೇಲೇರಿದರೆ
ನಡುರಾತ್ರಿ ನನ್ನ ಫೋನು ಬಡಿದೆಬ್ಬಿಸುವುದು.
ಆಕ್ಟಿವ್, ಅಂತು. ಹಸಿರು ಅಕ್ಷರ.
ನಿಮಿಷ ನಿಮಿಷಕ್ಕೂ ಲೆಕ್ಕ ಬರೆಯುತ್ತಿದೆ.
ಅದರ ಮೇಲಿನ ಸಾಲಿನಲ್ಲೇ, ಸಪ್ಪಗೆ: ಡಿಸೇಬಲ್ಡ್.

ಎರಡೂ ನಿಜ.
ಈ ಹೊತ್ತು ಎಚ್ಚರವಿರುವುದು ಬೇರೆ, ನಾಳೆ ಏಳುವುದು ಬೇರೆ.
ಆ ಎರಡರ ನಡುವಿನ ಸಂದಿಯಲ್ಲಿ ಮೂರು ವರ್ಷ
ನಾನೂರು ಟನ್ ಮೀನು ನೆಮ್ಮದಿಯಾಗಿ ಮಲಗಿತ್ತು.

ಚಿಕ್ಕವಳಿದ್ದಾಗ ನಮ್ಮ ಬೀದಿಯ ಬಾಗಿಲುಗಳ ಮೇಲೆ
ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು: ನಾಳೆ ಬಾ.
ರಾತ್ರಿ ಬಂದ ದೆವ್ವ ಓದಿಕೊಂಡು, ಸರಿ ಅಂತ ಹೋಗಿ,
ಮರುರಾತ್ರಿ ಬಂದು ಮತ್ತೆ ಓದಿ ಮತ್ತೆ ಹೋಗಿ...
ಅಕ್ಷರ ಬಲ್ಲ ದೆವ್ವ, ಪಾಪ, ತಾರೀಖು ತಿಳಿಯದು.
ಇಲ್ಲಿ ಯಾರು ಬರೆದರು ಆ ಎರಡು ಪದ?

ಕ್ಲೈವ್ ಆಸ್ಗರ್ಬಿ. ನನಗಿಂತ ಮುಂಚಿನವ.
ಈಗ ಮೇಬಲ್‌ಥಾರ್ಪಿನ ಕ್ಯಾರವಾನಿನಲ್ಲಿ
ಹೊಸ ಮಂಡಿಚಿಪ್ಪಿನ ಜೊತೆ ವಾಸ.
ಶುಕ್ರವಾರ ರಾತ್ರಿ ಒಂಬತ್ತೂವರೆ, ಹಿಂದೆ ಟಿವಿಯ ನಗು.
'ಅದಾ? ಕೈಯಲ್ಲೇ ಸ್ಟಾರ್ಟ್ ಮಾಡಿದ್ದೆ ಕಣಮ್ಮ,
ಲಾರಿ ಬಂದು ನಿಂತಿತ್ತು.
ಉಳಿದದ್ದು ನಾಳೆ ಮಾಡೋಣ ಅಂತಿದ್ದೆ.'
ಸ್ವಲ್ಪ ಹೊತ್ತು ಸುಮ್ಮನಿದ್ದ.
'ಇನ್ನೂ ಓಡ್ತಾ ಇದೆಯಾ?'
ದನಿಯಲ್ಲಿದ್ದದ್ದು ನಾಚಿಕೆಯೋ ಹಿಗ್ಗೋ ತಿಳಿಯಲಿಲ್ಲ.

ಎನೇಬಲ್ ಅಂತ ಒಂದು ಸಾಲು ಹೊಡೆದೆ.
ಎಲ್ಲಿಂದೆಲ್ಲಿಗೋ ಒಂದು ಕೊಂಡಿ ಬಿತ್ತು, ಅಷ್ಟೆ.
ಮಾತು ಕೊಟ್ಟಿತು. ಮಾತು ಯಾರು ಕೊಡುವುದಿಲ್ಲ?
ನಾಳಿದ್ದಿನ ಕತ್ತಲೆಗೆ ಬಿಡದೆ, ಈಗಲೇ,
ಯಾನಿಸ್‌ನನ್ನು ಥರ್ಮಾಮೀಟರ್ ಕೊಟ್ಟು ಫ್ರೀಜರಿನೊಳಗೆ ನಿಲ್ಲಿಸಿ
ರೀಬೂಟ್.

ಫ್ಯಾನಿನ ಗುಂಯ್ ತಗ್ಗಿತು. ತಗ್ಗಿದ ಮೇಲೆ ಕೇಳಿತು
ಹೊರಗಿನ ಸೀಗಲ್ಲು, ತಲೆಯ ಮೇಲೆ ಯಾರೋ ಮೆಟ್ಟಿಲೇರುವ ಬೂಟು.
ಪರದೆ ಕಪ್ಪು. ಎಣಿಸತೊಡಗಿದೆ.
ಇಪ್ಪತ್ತೆರಡು ವರ್ಷ ಈ ಊರಿನಲ್ಲಿ
ಬೈದದ್ದು, ಚೌಕಾಸಿ ಮಾಡಿದ್ದು, ಕನವರಿಸಿದ್ದು ಕೂಡ ಇಂಗ್ಲಿಷು;
ಎಣಿಕೆ ಮಾತ್ರ, ಯಾರೂ ಹೇಳದೆ, ತಾನೇ ಎದ್ದು ಕೂತಿತು:
ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು...

ಎಂಬತ್ತಾರಕ್ಕೆ ಲಾಗಿನ್.
ಪಟ್ಟಿ ಮತ್ತೆ ಕೂಗಿದೆ. ಹಾಜರ್. ಹಾಜರ್.
ಫ್ರೀಜರಿನದಕ್ಕೆ ಬಂದಾಗ ಒಂದು ಗಳಿಗೆ ತಡೆದೆ.
ಆಕ್ಟಿವ್. ಎನೇಬಲ್ಡ್.
ಎಷ್ಟು ಹೊತ್ತಿನಿಂದ?
ಹನ್ನೊಂದು ಸೆಕೆಂಡು.

ಯಾನಿಸ್ ಒಳಗಿಂದ ಕೂಗಿದ:
ಮೈನಸ್ ಇಪ್ಪತ್ತೆರಡು, ಹೊರಗೆ ಬರಲಾ?
ಬಾ ಅಂದೆ.
ಫೋನಿನಲ್ಲಿ ಕ್ಲೈವನದೊಂದು ಬರೀ ಪ್ರಶ್ನೆಚಿಹ್ನೆ.
ಉತ್ತರ ನಾಳೆ ಬರೆದರಾಯಿತು ಅಂದುಕೊಂಡವಳು
ಅಲ್ಲೇ, ಒಂಟಿ ಬೂಟಿನ ಪಕ್ಕ ಕೂತು, ಬರೆದೆ.